ಮೂರು ಪ್ಲಗ್, ಮೂರು ಬಣ್ಣ

ಎಮಿಷನ್ ಟೆಸ್ಟ್ ಮಾಡುವ ಹುಡುಗ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, ‘ಸರ್, ಇದು ಪಾಸಾಗಲ್ಲ’ ಅಂದ. ಕಾರ್ಬನ್ ಮಾನಾಕ್ಸೈಡ್ ಶೇ 6.2, ಹೈಡ್ರೋಕಾರ್ಬನ್ 1,840 ಪಿಪಿಎಂ. ಬಿಎಸ್-2 ಅನ್ನುವ ಹೊಗೆ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಇಟ್ಟಿರುವ ಮಿತಿಯೇ ಧಾರಾಳದ್ದು, ಶೇ 3 ಮತ್ತು 1,500. ಅದನ್ನೂ ನಮ್ಮದು ದಾಟಿ ಕೂತಿತ್ತು. ಹಿಂದೆ ನಿಂತಿದ್ದ ಅಪ್ಪಯ್ಯ, ‘ಪೆಟ್ರೋಲ್ ವಾಸನೆ ಬರ್ತದೆ ಅಂತ ನಾನು ಆವಾಗ್ಲೇ ಹೇಳಿದ್ದೆ’ ಅಂದರು. ಹೇಳಿದ್ದು ಹೌದು. ಎರಡು ವರ್ಷದಿಂದ ಹೇಳುತ್ತಲೇ ಇದ್ದರು.

ಕಾರು 1996ರ ಮಾರುತಿ 800. ಸಾಗರದ ರಿಜಿಸ್ಟ್ರೇಷನ್, ಕೆಎ-15. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್, ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಪಾಲು ಹೆಚ್ಚಿಸಲು ಕೈಯಲ್ಲಿ ಎಳೆಯುವ ಚೋಕ್. ಕಂಪ್ಯೂಟರ್ ಅನ್ನುವ ಪದಾರ್ಥ ಇದರಲ್ಲಿ ಎಲ್ಲೂ ಇಲ್ಲ. ಆರ್‌ಸಿ ಮೊದಲು ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗುತ್ತಾ ಬಂದು, ಈಗ ನಾಲ್ಕನೇ ಸಲದ ಸರದಿ. 2021ರಲ್ಲಿ 600 ರೂಪಾಯಿ ಕಟ್ಟಿ ಬಂದಿದ್ದೆವು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ‘ಅಷ್ಟು ದುಡ್ಡು ಕೊಟ್ಟು ಇದನ್ನ ಇಟ್ಕೊಳ್ಳೋದಾ’ ಅಂತ ಅಮ್ಮ ಕೇಳಿದಳು. ಅಪ್ಪಯ್ಯ ಅದಕ್ಕೆ ಉತ್ತರ ಕೊಡದೆ ಎದ್ದು ತೋಟದ ಕಡೆ ಹೋದರು. ಅದೇ ಉತ್ತರ.

ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಗ್ಯಾರೇಜಿನಲ್ಲಿ ಎರಡು ವರ್ಷದಲ್ಲಿ ಮೂರು ಸಲ ‘ಟ್ಯೂನಿಂಗ್’ ಆಗಿತ್ತು. ಪ್ರತಿ ಸಲ ಬಂದಾಗ ಒಂದು ವಾರ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ. ನಿಂತಲ್ಲಿ ಗಡಗಡ ನಡುಗುವುದು, ಬೆಳಿಗ್ಗೆ ಚೋಕ್ ಎಳೆದೇ ಹೊರಡುವುದು, ಲೀಟರಿಗೆ ಹನ್ನೊಂದು ಕಿಲೋಮೀಟರ್. ಈ ಸಲ ನಾನೇ ಬಿಚ್ಚುವುದು ಅಂತ ತೀರ್ಮಾನಿಸಿದೆ. ಬೆಂಗಳೂರಿನಿಂದ ಹೊರಡುವ ಮುಂಚೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಶನಿವಾರ ತಿರುಗಿ, ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ಲಗ್, ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್, ಏರ್ ಫಿಲ್ಟರ್, ಕಾರ್ಬೊರೇಟರ್ ಕಿಟ್ ತಗೊಂಡೆ. ಪಾಯಿಂಟ್ ಕೇಳಿದಾಗ ಕೌಂಟರ್‌ನಲ್ಲಿದ್ದ ಹುಡುಗ ಒಳಗಿದ್ದ ಹಿರಿಯರನ್ನು ಕರೆದ. ಅವರು ಏಣಿ ಹತ್ತಿ ಮೇಲಿನ ಅಟ್ಟದಿಂದ ಧೂಳು ಒರೆಸಿ ಕೊಟ್ಟರು.

ಮೊದಲ ಶನಿವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ಕೊಯ್ಲು ಮುಗಿದಿತ್ತು, ಅಂಗಳದ ಒಂದು ಮೂಲೆ ನನಗೆ ಸಿಕ್ಕಿತು. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಇಲಿಯ ಸಂಸಾರ. ಬಾಳೆಪಟ್ಟೆಯ ನಾರು, ಅಡಿಕೆ ಸಿಪ್ಪೆ, ಯಾವುದೋ ಸ್ವೆಟರಿನ ಉಲ್ಲನ್ನು ಸೇರಿಸಿ ಅಚ್ಚುಕಟ್ಟಾಗಿ ಕಟ್ಟಿದ ಗೂಡು. ಫಿಲ್ಟರಿನ ಅರ್ಧ ಮುಚ್ಚಿಹೋಗಿತ್ತು. ಗಾಳಿ ಕಡಿಮೆಯಾದರೆ ಪೆಟ್ರೋಲ್ ಹೆಚ್ಚಾದ ಹಾಗೇ ತಾನೆ? ಇಷ್ಟು ಬೇಗ ಕಳ್ಳ ಸಿಕ್ಕಿಬಿದ್ದ ಅಂತ ಖುಷಿಯಾಯಿತು. ಗೂಡು ತೆಗೆದು, ಹೊಸ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದೆ. ನಡುಕ ಇನ್ನೂ ಜಾಸ್ತಿಯಾಯಿತು! ಆಗಲೇ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಪ್ಲಗ್ ಬಿಚ್ಚಿ ಒಂದು ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಟೈಮಿಂಗ್ ಬೆಲ್ಟ್ ಇರುವ ಕಡೆಯದು ಒಂದನೇ ಸಿಲಿಂಡರ್. ಅದರ ಪ್ಲಗ್ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಎರಡನೆಯದು ಕಂದು, ಅಂಚಿನಲ್ಲಿ ಮಸಿ. ಮೂರನೆಯದು ಬಾಣಲೆಯ ತಳದಷ್ಟು ಕಪ್ಪು, ಮುಟ್ಟಿದರೆ ಪೆಟ್ರೋಲಿನ ಜಿಡ್ಡು. ಅಪ್ಪಯ್ಯ ಬಗ್ಗಿ ನೋಡಿ, ‘ಒಂದಾದ್ರೂ ಚೊಕ್ಕ ಇದೆಯಲ್ಲ ಮಾರಾಯ’ ಅಂದರು. ನನಗೂ ಹಾಗೇ ಕಂಡಿತು. ಬೆಳ್ಳಗಿರುವುದು ಸರಿ, ಕಪ್ಪಗಿರುವ ಎರಡರದ್ದು ತಪ್ಪು. ಕಪ್ಪಿಗೆ ಕಾರಣ ಹೆಚ್ಚು ಪೆಟ್ರೋಲ್, ಹೆಚ್ಚು ಪೆಟ್ರೋಲಿಗೆ ಕಾರಣ ಕಾರ್ಬೊರೇಟರ್. ಫೋಟೊ ಒಂದು ತೆಗೆದಿಟ್ಟುಕೊಂಡೆ, ಪುಣ್ಯಕ್ಕೆ.

ಆ ದಿನ ಮಧ್ಯಾಹ್ನ ಪಾಯಿಂಟ್ ಕೆಲಸ. ಪ್ಲಗ್ಗಿಗೆ ಸರದಿ ಪ್ರಕಾರ ಕಿಡಿ ಹಂಚುವ, ಗ್ಯಾರೇಜಿನವರು ‘ಡೆಲ್ಕೊ’ ಅನ್ನುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಮೂರು ಮೂಲೆಯ ಕ್ಯಾಮ್. ಅದರ ಒಂದೊಂದು ಮೂಲೆಯೂ ಪಾಯಿಂಟ್ ಅನ್ನುವ ಪುಟ್ಟ ಸ್ವಿಚ್ಚನ್ನು ಒಮ್ಮೆ ತೆರೆಸುತ್ತದೆ. ತೆರೆದ ಕ್ಷಣ ಕಾಯಿಲಿನಲ್ಲಿ ಕರೆಂಟ್ ಕಡಿದು ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಪಾಯಿಂಟ್ ಪೂರ್ತಿ ತೆರೆದು ನಿಂತಾಗ ಗ್ಯಾಪ್ 0.4ರಿಂದ 0.5 ಮಿಲಿಮೀಟರ್ ಇರಬೇಕು. ಕ್ಯಾಮಿನ ಮೂಲೆ ಸರಿಯಾದ ಜಾಗಕ್ಕೆ ಬರಬೇಕೆಂದರೆ ಎಂಜಿನನ್ನು ಚೂರುಚೂರೇ ತಿರುಗಿಸಬೇಕು. ನಾಲ್ಕನೇ ಗೇರಿಗೆ ಹಾಕಿ, ಪ್ಲಗ್ ಬಿಚ್ಚಿಟ್ಟು, ಅಪ್ಪಯ್ಯನನ್ನು ಹಿಂದೆ ನಿಲ್ಲಿಸಿದೆ. ‘ಒಂಚೂರು ತಳ್ಳಿ... ಸಾಕು, ಸಾಕು... ಜಾಸ್ತಿ ಆತು, ಹಿಂದೆ ಎಳೀರಿ.’ ಎಪ್ಪತ್ತೆರಡರ ಮನುಷ್ಯ ಗೊಣಗದೆ ಮಾಡಿದರು. ಹಳೇ ಪಾಯಿಂಟಿನ ಗ್ಯಾಪಿಗೆ ಗ್ಯಾಪ್ ಅಳೆಯುವ 0.2ರ ಫೀಲರ್ ತಗಡು ಕೂಡ ಹೋಗಲಿಲ್ಲ. ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆದಿತ್ತು, ಯಾಕೆಂದರೆ ಅಲ್ಲಿಗೆ ಯಾರೂ ಒಂದು ಸಾಸಿವೆಯಷ್ಟು ಗ್ರೀಸ್ ಹಚ್ಚಿರಲಿಲ್ಲ. ಹೊಸದನ್ನು ಕೂರಿಸಿ 0.45ಕ್ಕೆ ಇಟ್ಟೆ. ಪಾಯಿಂಟಿನ ತುದಿ ನೀಲಿಯಾಗಿ ಸುಟ್ಟಿದ್ದರಿಂದ ಆ ಸುಡುವಿಕೆಯನ್ನು ತಡೆಯಬೇಕಿದ್ದ ಕಂಡೆನ್ಸರನ್ನೂ ಬದಲಿಸಿದೆ. ಗ್ಯಾಪ್ ಬದಲಾದರೆ ಕಿಡಿ ಹಾರುವ ಕ್ಷಣ, ಅಂದರೆ ಟೈಮಿಂಗೂ ಸರಿಯುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಗೇರ್‌ಬಾಕ್ಸ್ ಮೇಲಿನ ರಬ್ಬರ್ ಮುಚ್ಚಳ ತೆಗೆದು, ಫ್ಲೈವೀಲಿನ ಗುರುತಿಗೆ ಟೈಮಿಂಗ್ ಲೈಟ್ ಹಿಡಿದು ಸರಿ ಮಾಡಿದೆ. ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಟೈಮಿಂಗ್ ಸರಿಸುವ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನಾಲಗೆಯಿಂದ ಮುಚ್ಚಿದೆ. ಒಳಗಿನ ತಟ್ಟೆ ಸರಿದು ಅಲ್ಲೇ ನಿಂತಿತು, ಅಂದರೆ ಡಯಾಫ್ರಾಮ್ ಗಟ್ಟಿ ಇದೆ. ಹೊಸ ಪ್ಲಗ್, 0.75ರ ಗ್ಯಾಪ್. ವಾಲ್ವಿನ ಸಂದು, ಅಂದರೆ ಟ್ಯಾಪೆಟ್, ಆರನ್ನೂ ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ 0.15ಕ್ಕೆ ಇಟ್ಟೆ. ಸ್ಟಾರ್ಟಿಂಗ್ ಚೆನ್ನಾಯಿತು. ನಡುಕ ಹೋಗಲಿಲ್ಲ.

ಭಾನುವಾರ ಕಾರ್ಬೊರೇಟರ್. ಇದು ಎರಡು ಬ್ಯಾರೆಲ್ಲಿನ ಮಿಕುನಿ ಮಾದರಿ. ಫ್ಲೋಟ್ ಚೇಂಬರಿನ ಮುಂದೆ ಒಂದು ಪುಟ್ಟ ಗಾಜಿನ ಕಣ್ಣಿದೆ, ಅದರ ಮಧ್ಯದ ಗುರುತಿನ ಮಟ್ಟಕ್ಕೆ ಪೆಟ್ರೋಲ್ ನಿಲ್ಲಬೇಕು. ಬಿಚ್ಚುವ ಮೊದಲು ನೋಡಿದರೆ ಗಾಜು ಪೂರ್ತಿ ತುಂಬಿತ್ತು. ಫ್ಲೋಟ್ ಮೇಲೆ ಬಂದರೂ ಸೂಜಿ ವಾಲ್ವ್ ಬಿಗಿಯಾಗಿ ಮುಚ್ಚುತ್ತಿಲ್ಲ ಅಂತಾಯಿತು. ಸೂಜಿಯನ್ನು ತೆಗೆದು ಉಗುರಿನಲ್ಲಿ ಸವರಿದರೆ ತುದಿಯ ಸುತ್ತ ಬಳೆಯಂಥ ಗೆರೆ ಸಿಕ್ಕಿತು. ಈ ಒಂದು ದೋಷ ನಿಜವಾದದ್ದೇ.

ಆಮೇಲೆ ಮಿಕ್ಸ್ಚರ್ ಸ್ಕ್ರೂ, ನಿಂತಲ್ಲಿ ಓಡುವಾಗಿನ ಪೆಟ್ರೋಲ್ ಪಾಲನ್ನು ಹೊಂದಿಸುವಂಥದ್ದು, ಬಿಚ್ಚಿದಷ್ಟೂ ಪೆಟ್ರೋಲ್ ಹೆಚ್ಚು. ಅದನ್ನು ತೆಗೆಯುವ ಮುಂಚೆ ಮೆಲ್ಲಗೆ ಒಳಗೆ ತಿರುಗಿಸುತ್ತಾ, ತಳ ಮುಟ್ಟುವ ತನಕ ಎಷ್ಟು ಸುತ್ತು ಅಂತ ಎಣಿಸಬೇಕು. ತಳ ಮುಟ್ಟಿದ ಮೇಲೆ ಬಿಗಿದರೆ ತುದಿ ಹಾಳಾಗುತ್ತದೆ, ಆಮೇಲೆ ಜನ್ಮದಲ್ಲಿ ಟ್ಯೂನ್ ಆಗುವುದಿಲ್ಲ. ಸಾಮಾನ್ಯವಾಗಿ ಎರಡೂವರೆ, ಮೂರು ಸುತ್ತು ಬಿಚ್ಚಿರುತ್ತದೆ. ನಮ್ಮದು ಐದೂವರೆ ಸುತ್ತು! ಸ್ಪ್ರಿಂಗ್ ಸಡಿಲಾಗಿ ಸ್ಕ್ರೂ ಬೀಳುವುದೊಂದೇ ಬಾಕಿ. ನಿಂತಲ್ಲಿ ಎಂಜಿನ್ ವೇಗ ಹೊಂದಿಸುವ ಪಕ್ಕದ ಥ್ರಾಟಲ್ ಸ್ಕ್ರೂವನ್ನೂ ಸಾಕಷ್ಟು ಒಳಗೆ ತಿರುಗಿಸಿದ್ದರು. ಮೂರು ‘ಟ್ಯೂನಿಂಗ್’ ಅಂದರೆ ಏನು ಅಂತ ಗೊತ್ತಾಯಿತು.

ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳನ್ನು ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಊದಿದೆ. ತಂತಿ ಹಾಕಿ ಚುಚ್ಚುವವರಿದ್ದಾರೆ. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ, ದಯವಿಟ್ಟು ಬೇಡ. ಸೈಕಲ್ ಪಂಪ್ ಸಾಕಾಗಲಿಲ್ಲ, ಪಂಕ್ಚರ್ ಅಂಗಡಿಗೆ ಹೋಗಿ ಬಂದೆ. ಬಂದವನೇ ಬಾಡಿಯನ್ನು ಬೋರಲು ಹಾಕಿದೆ. ಟಿಕ್ ಅಂತ ಒಂದು ಸದ್ದು. ಎಕ್ಸಲರೇಟರ್ ಪಂಪಿನ ಒಳಗೆ ಒಂದು ಉಕ್ಕಿನ ಗುಂಡಿರುತ್ತದೆ, ಜೋಳದ ಕಾಳಿಗಿಂತ ಚಿಕ್ಕದು. ಅದಿಲ್ಲದಿದ್ದರೆ ಕಾಲು ಒತ್ತಿದಾಗ ಕಾರು ಮುಗ್ಗರಿಸುತ್ತದೆ. ಅದು ಅಂಗಳಕ್ಕೆ ಬಿದ್ದು ಅಡಿಕೆ ಸಿಪ್ಪೆಯ ನಡುವೆ ಮಾಯವಾಯಿತು. ಒಂದು ಗಂಟೆ ಮೂವರೂ ಹುಡುಕಿದೆವು. ಕೊನೆಗೆ ಅಪ್ಪಯ್ಯ ಅಟ್ಟದಿಂದ ಹಳೇ ರೇಡಿಯೊ ತಂದು, ಸ್ಪೀಕರ್ ಕಿತ್ತು, ಅದರ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಅಂಗಳವನ್ನು ಗುಡಿಸಿದ ಹಾಗೆ ಎಳೆದರು. ಮೂರು ಮೊಳೆ, ಒಂದು ಸೇಫ್ಟಿ ಪಿನ್, ಜೊತೆಗೆ ನನ್ನ ಗುಂಡು. ಅಲ್ಲಿಂದ ಮುಂದೆ ಎಲ್ಲ ಕೆಲಸವೂ ಅಮ್ಮನ ಸ್ಟೀಲ್ ಹರಿವಾಣದ ಒಳಗೆ. ಹರಿವಾಣ ಈಗ ಅಡುಗೆಮನೆಗೆ ವಾಪಸ್ ಹೋಗುವ ಸ್ಥಿತಿಯಲ್ಲಿಲ್ಲ, ಅದು ಬೇರೆ ಜಗಳ.

ಕಿಟ್ಟಿನ ಹೊಸ ಸೂಜಿ, ಹೊಸ ಪ್ಯಾಕಿಂಗ್ ಹಾಕಿ ಜೋಡಿಸಿದೆ. ಗಾಜಿನ ಕಣ್ಣಿನಲ್ಲಿ ಪೆಟ್ರೋಲ್ ಗುರುತಿಗೇ ಬಂದು ನಿಂತಿತು. ಸ್ಕ್ರೂ ಎರಡೂವರೆ ಸುತ್ತು. ಸ್ಟಾರ್ಟ್ ಮಾಡಿದರೆ ಎಂಜಿನ್ ಓಡುತ್ತಾ ಉಳಿಯಲೇ ಇಲ್ಲ, ಕಾಲು ತೆಗೆದ ತಕ್ಷಣ ಸತ್ತುಹೋಯಿತು. ನಾಲ್ಕು ಸುತ್ತು ಬಿಚ್ಚಿದೆ, ಓಡಿಯೂ ಓಡದ ಹಾಗೆ. ಐದು ಸುತ್ತು, ಓಡಿತು, ಅದೇ ಹಳೇ ನಡುಕ, ಅದೇ ಹಳೇ ವಾಸನೆ. ಎರಡು ದಿನ ಮೈಯೆಲ್ಲ ಗ್ರೀಸ್ ಮಾಡಿಕೊಂಡು, ಹೊರಟ ಜಾಗಕ್ಕೇ ಬಂದಿದ್ದೆ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟೆ.

ಬಸ್ಸಿನಲ್ಲಿ ಮೊಬೈಲ್ ತೆಗೆದು ಆ ಪ್ಲಗ್‌ಗಳ ಫೋಟೊ ನೋಡುತ್ತಿದ್ದೆ. ಕಾರ್ಬೊರೇಟರ್ ಇರುವುದು ಒಂದೇ, ಮೂರು ಸಿಲಿಂಡರಿಗೂ ಅಲ್ಲಿಂದಲೇ ಬಡಿಸುವುದು. ತಪ್ಪು ಅಲ್ಲಿದ್ದರೆ ಮೂರೂ ಕಪ್ಪಾಗಬೇಕಿತ್ತು. ಒಂದು ಮಾತ್ರ ಯಾಕೆ ಬಿಳಿ? ಬಿಳಿ ಅಂದರೆ ಚೊಕ್ಕ ಅಲ್ಲ, ಉಪವಾಸ! ಒಂದನೇ ಸಿಲಿಂಡರಿಗೆ ಎಲ್ಲಿಂದಲೋ ಬೇರೆ ಗಾಳಿ ಸೇರುತ್ತಿದೆ. ಅದು ಕೆಲಸ ಮಾಡದೆ ಎಂಜಿನ್ ನಡುಗಿದಾಗ ಗ್ಯಾರೇಜಿನಲ್ಲಿ ಸ್ಕ್ರೂ ಬಿಚ್ಚಿದ್ದಾರೆ. ಒಂದನೆಯದಕ್ಕೆ ಒಂದು ತುತ್ತು ಸಿಗಲಿ ಅಂತ ಉಳಿದೆರಡಕ್ಕೆ ಕಂಠಪೂರ್ತಿ ತುಂಬಿಸಿದ್ದಾರೆ. ಇಲಿಯ ಗೂಡು ತೆಗೆದಾಗ ನಡುಕ ಯಾಕೆ ಜಾಸ್ತಿಯಾಯಿತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಗೂಡು ಗಾಳಿಯನ್ನು ತಡೆದು ಆ ಒಂದನೇ ಸಿಲಿಂಡರಿಗೆ ಉಪಕಾರವನ್ನೇ ಮಾಡುತ್ತಿತ್ತು.

ಎರಡು ವಾರ ಬಿಟ್ಟು ಹೋದೆ. ಎಂಜಿನ್ ಬಿಸಿ ಮಾಡಿ, ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಕಾರ್ಬೊರೇಟರಿನಿಂದ ಸಿಲಿಂಡರ್‌ಗಳಿಗೆ ಮಿಶ್ರಣ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಸುತ್ತ ಆಡಿಸಿದೆ. ಒಂದನೇ ಸಿಲಿಂಡರಿನ ಬಾಯಿ ಹತ್ತಿರ ಹಾವು ಬುಸುಗುಟ್ಟಿದ ಹಾಗೆ ಸದ್ದು. ಖಾತ್ರಿಗೆ ಸೋಪಿನ ನೀರನ್ನು ಅಲ್ಲಿಗೆ ಚಿಮುಕಿಸಿದೆ. ಎಂಜಿನ್ ಸದ್ದು ತಟಕ್ಕನೆ ಬದಲಾಯಿತು, ಎರಡು ಕ್ಷಣ ಸಮವಾಗಿ ಓಡಿ ಮತ್ತೆ ನಡುಗತೊಡಗಿತು. ಕೆಲವರು ಇದಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ, ಕಿಡಿ ಹಾರುವ ವಯರುಗಳ ಪಕ್ಕ ಅದನ್ನು ಹೊಡೆಯುವಷ್ಟು ಧೈರ್ಯ ನನಗಿಲ್ಲ. ಏರ್ ಎಳೆಯುವ ಜಾಗ ಸಿಕ್ಕಿತ್ತು.

12ರ ಸ್ಪ್ಯಾನರ್ ಹಾಕಿದರೆ ಆ ತುದಿಯ ನಟ್ ಬೆರಳಲ್ಲೇ ತಿರುಗಿತು. ಅದರ ಕೆಳಗಿನದು ಇರಲೇ ಇಲ್ಲ, ಬರೀ ಸ್ಟಡ್. ಎಂದೋ ಯಾರೋ ಬಿಚ್ಚಿದವರಿಗೆ ಕೈ ಎಟುಕದೆ ಬಿಟ್ಟಿದ್ದಾರೆ. ಇದ್ದದ್ದನ್ನು ಬಿಗಿದು, ಇಲ್ಲದ್ದಕ್ಕೆ ಹೊಸ ನಟ್ ಹಾಕಿ ನೋಡಿದೆ. ಸದ್ದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಮ್ಯಾನಿಫೋಲ್ಡಿಗೂ ಎಂಜಿನ್ ಹೆಡ್ಡಿಗೂ ನಡುವಿನ ಪ್ಯಾಕಿಂಗ್ ಬದಲಿಸದೆ ವಿಧಿಯಿಲ್ಲ. ಈ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೆ ಬಿಸಿನೀರು ಓಡುತ್ತದೆ, ಹಾಗಾಗಿ ಮೊದಲು ರೇಡಿಯೇಟರ್ ಖಾಲಿ ಮಾಡಬೇಕು. ಎಂಜಿನ್ ಪೂರ್ತಿ ಆರುವ ತನಕ ಊಟ ಮುಗಿಸಿ ಬಂದೆ. ಕೆಳಗಿನ ಕೀಲಿ ತೆರೆದರೆ ಕಷಾಯ ಇಳಿಯಿತು. ಅಪ್ಪಯ್ಯ ವರ್ಷಗಟ್ಟಲೆ ಬಾವಿ ನೀರನ್ನೇ ಹಾಕುತ್ತಾ ಬಂದಿದ್ದಾರೆ. ‘ನಮ್ಮ ಬಾವಿ ನೀರಿಗೆ ಎಂತ ಆಗಿದೆ? ನಾವೆಲ್ಲ ಅದನ್ನೇ ಕುಡಿಯೋದಲ್ವಾ?’ ಕುಡಿಯುವುದು ಬೇರೆ, ಕಬ್ಬಿಣದ ಬ್ಲಾಕಿನೊಳಗೆ ಕುದಿಯುವುದು ಬೇರೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ. ನಮ್ಮೂರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ಅನ್ನುವುದು ಅದನ್ನು ಬಿಡಲು ಕಾರಣ ಆಗುವುದಿಲ್ಲ.

ಮ್ಯಾನಿಫೋಲ್ಡಿನ ಮೇಲೇ, ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟಿನ ಮನೆ. ಕೈಗೆ ಬಂದದ್ದೇ ಅಂತ ಅದರ ಮುಚ್ಚಳವನ್ನೂ ತೆಗೆದೆ. ಒಳಗೆ ಥರ್ಮೋಸ್ಟಾಟೇ ಇಲ್ಲ! ಇದು ನಮ್ಮ ಕಡೆಯ ಹಳೇ ರೋಗ. ಒಮ್ಮೆ ಎಂಜಿನ್ ಬಿಸಿಯಾಯಿತು ಅಂತ ಹೋದರೆ ಮೊದಲು ಅದನ್ನು ಕಿತ್ತು ಎಸೆಯುತ್ತಾರೆ. ಆಮೇಲೆ ನೀರು ಮೊದಲ ಕ್ಷಣದಿಂದಲೇ ರೇಡಿಯೇಟರಿಗೆ ಓಡಿ, ಮಲೆನಾಡಿನ ಚಳಿಯಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ. ಬಿಸಿಯಾಗದ ಎಂಜಿನ್ ಚೋಕ್ ಬೇಡುತ್ತದೆ. ಅಪ್ಪಯ್ಯ ಪೇಟೆ ಮುಟ್ಟುವ ತನಕ ಚೋಕ್ ಅರ್ಧ ಎಳೆದೇ ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೆ. ಶಿವಮೊಗ್ಗದಿಂದ ಹೊಸದು ತರಿಸಿ, ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆ. 82 ಡಿಗ್ರಿಯಲ್ಲಿ ಬಾಯಿ ಬಿಡಬೇಕು. ಜೇನು ಕಾಯಿಸಲು ಇಟ್ಟಿದ್ದ ಥರ್ಮಾಮೀಟರಿನಲ್ಲಿ 83 ತೋರಿಸಿದಾಗ ಮೆಲ್ಲಗೆ ತೆರೆಯಿತು. ಸಾಕು.

ಹಳೇ ಪ್ಯಾಕಿಂಗನ್ನು ಕೆರೆದು ತೆಗೆಯುವುದಕ್ಕೇ ಒಂದೂವರೆ ಗಂಟೆ. ಹೆಡ್ಡು ಅಲ್ಯೂಮಿನಿಯಂ, ಉಳಿ ಹಾಕಿ ಕೆರೆದರೆ ಗೀರು ಬಿದ್ದು ಹೊಸ ಪ್ಯಾಕಿಂಗೂ ಏರ್ ಎಳೆಯುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಚೂಪು ಮಾಡಿಕೊಂಡು ಕೆರೆದೆ. ಒಂದನೇ ಬಾಯಿಯ ಪಕ್ಕ ಹಳೇ ಪ್ಯಾಕಿಂಗಿನ ಒಂದು ಬೆರಳಗಲ ಸುಟ್ಟ ಹಪ್ಪಳದ ಹಾಗೆ ಉದುರಿತು. ನಟ್‌ಗಳನ್ನು ಮಧ್ಯದಿಂದ ಶುರುಮಾಡಿ ಹೊರಕ್ಕೆ, ಎರಡು ಸುತ್ತಿನಲ್ಲಿ, 20 ನ್ಯೂಟನ್ ಮೀಟರಿನ ಆಸುಪಾಸಿಗೆ ಬಿಗಿದೆ. ಕೈ ಎಟುಕದ ಆ ಕೆಳಗಿನದಕ್ಕೂ ಬಿಗಿದೆ. ಎಟುಕುವುದಿಲ್ಲ ಅನ್ನುವುದು ಸುಳ್ಳಲ್ಲ, ಮುಂಗೈ ಚರ್ಮ ಸ್ವಲ್ಪ ಅಲ್ಲೇ ಉಳಿಯಿತು.

ಬಿಚ್ಚಿದ್ದರಲ್ಲೇ ಪೆಟ್ರೋಲ್ ಹೋಸ್‌ಗಳನ್ನೂ ಬದಲಿಸಿದೆ. ಬಗ್ಗಿಸಿದರೆ ಬಿರುಕು ಬಾಯಿ ತೆರೆಯುತ್ತಿತ್ತು. ಈ ಕಾರು ಮನೆಗೆ ಬಂದಾಗ ನಮ್ಮೂರ ಬಂಕಿನಲ್ಲಿ ಸೀಸ ಬೆರೆತ ಪೆಟ್ರೋಲ್ ಸಿಗುತ್ತಿತ್ತು. ದೇಶದಲ್ಲೆಲ್ಲ ಸೀಸ ನಿಂತದ್ದು 2000ದ ಫೆಬ್ರುವರಿಯಲ್ಲಿ. ಈಗ ಶೇ 20 ಎಥನಾಲ್. ಆ ಕಾಲದ ರಬ್ಬರಿಗೆ ಇದು ಒಗ್ಗುವುದಿಲ್ಲ, ಎಥನಾಲ್ ತಡೆಯುವ ಹೋಸ್ ಕೇಳಿ ತಗೊಳ್ಳಬೇಕು. ಹಾಗಂತ ಹಳೇ ಕಾರಿನ ಎಲ್ಲ ಕಾಯಿಲೆಯನ್ನೂ ಎಥನಾಲಿನ ತಲೆಗೆ ಕಟ್ಟುವುದು ಈಗಿನ ಫ್ಯಾಷನ್. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಇಳಿಯಬೇಕೇ ವಿನಾ ಏರಬಾರದು. ನಮ್ಮ ಶೇ 6.2ಕ್ಕೆ ಅದು ಹೊಣೆ ಅಲ್ಲ.

ಭಾನುವಾರ ಮಧ್ಯಾಹ್ನ ಎರಡೂವರೆಗೆ ಕೂಲೆಂಟ್ ತುಂಬಿ ಸ್ಟಾರ್ಟ್ ಮಾಡಿದೆ. ಚೋಕ್ ಎಳೆದು, ಐದು ನಿಮಿಷಕ್ಕೆ ಒಳಗೆ ತಳ್ಳಿದೆ. ರೇಡಿಯೇಟರಿನ ಮೇಲಿನ ಪೈಪು ಮೊದಲು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಯಿತು, ಅಂದರೆ ಥರ್ಮೋಸ್ಟಾಟ್ ತೆರೆಯಿತು. ಸ್ಕ್ರೂ ಎರಡೂವರೆ ಸುತ್ತಿನಲ್ಲಿ ಎಂಜಿನ್ ಓಡುತ್ತಾ ಉಳಿಯಿತು, ತಾನೇ ತಾನಾಗಿ. ಕಾಲು ಸುತ್ತು ಬಿಚ್ಚಿದೆ, ವೇಗ ಸ್ವಲ್ಪ ಏರಿತು. ಇನ್ನೂ ಕಾಲು ಸುತ್ತು, ಏರಲಿಲ್ಲ. ಹಿಂದಕ್ಕೆ ತಂದೆ. ಥ್ರಾಟಲ್ ಸ್ಕ್ರೂ ಇಳಿಸಿ ವೇಗವನ್ನು ನಿಮಿಷಕ್ಕೆ 900 ಸುತ್ತಿಗೆ ತಂದೆ. ಅಪ್ಪಯ್ಯ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದವರು ಎದ್ದು ಬಂದು, ಫೆಂಡರಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರು. ಆಮೇಲೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಬಾನೆಟ್ ಕಟ್ಟಿನ ಮೇಲೆ ಇಟ್ಟರು. ನೀರು ಸಣ್ಣಗೆ ಅಲುಗುತ್ತಿತ್ತು, ಚೆಲ್ಲಲಿಲ್ಲ. ‘ತೊಂಬತ್ತಾರರಲ್ಲಿ ಶೋರೂಮಿನವ ಹೀಗೇ ಮಾಡಿ ತೋರಿಸಿದ್ದ’ ಅಂದರು. ಮೂವತ್ತು ವರ್ಷದಲ್ಲಿ ಈ ವಿಷಯ ಒಮ್ಮೆಯೂ ಹೇಳಿರಲಿಲ್ಲ.

ಸೋಮವಾರ ರಜೆ ಹಾಕಿ ಅದೇ ಎಮಿಷನ್ ಸೆಂಟರಿಗೆ. ದಾರಿಯಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುವ ಹಾಗೆ ಒಂದು ಸುತ್ತು ಬಳಸಿಯೇ ಹೋದೆ. ಶೇ 1.7, 390 ಪಿಪಿಎಂ. ಹುಡುಗ ಪೈಪನ್ನು ತೆಗೆದು ಇನ್ನೊಮ್ಮೆ ತೂರಿಸಿ ನೋಡಿದ. 1.6 ಬಂತು. ‘ಹೊಸ ಕಾರ್ಬೊರೇಟರ್ ಹಾಕ್ಸಿದ್ರಾ ಸರ್?’ ‘ಇಲ್ಲ, ಒಂದು ನಟ್ ಇರಲಿಲ್ಲ.’ ಅವನಿಗೆ ಅದು ತಮಾಷೆಯಾಗಿ ಕೇಳಿಸಿತು.

ಆರ್‌ಟಿಒ ಕೆಲಸ ಆ ವಾರವೇ ಮುಗಿಯಿತು. ಹೋಗುವವರಿಗೆ ಒಂದು ಮಾತು: ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ, ಹಿಂದಿನ ದಿನವೇ ಅಲ್ಲಿಯ ಮಣ್ಣು, ಜಿಡ್ಡು ತೊಳೆದಿಟ್ಟುಕೊಳ್ಳಿ. ನಾನು ಅಲ್ಲೇ ಕೂತು ಕರವಸ್ತ್ರದಲ್ಲಿ ಒರೆಸಿದೆ.

ಟ್ಯಾಂಕ್ ತುಂಬಿಸಿ ಶಿವಮೊಗ್ಗಕ್ಕೆ ಹೋಗಿ ಬಂದು ಮತ್ತೆ ತುಂಬಿಸಿ ಲೆಕ್ಕ ಹಾಕಿದ್ದು ಅಪ್ಪಯ್ಯ, ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ. ಲೀಟರಿಗೆ ಹದಿನೇಳು. ಫೋನಿನಲ್ಲಿ ಅದನ್ನು ಹೇಳಿ ಮುಗಿಸಿ, ‘ಆದ್ರೆ ಬ್ರೇಕ್ ಹಿಡಿದಾಗ ಹಿಂದಿನ ಎಡಚಕ್ರ ಕಿರ್ ಅಂತದೆ’ ಅಂದರು. ಮುಂದಿನ ಸಲ ಹೋದಾಗ ಆ ಡ್ರಮ್ ಬಿಚ್ಚಬೇಕು. ಅಮ್ಮನಿಗೆ ಹೊಸ ಹರಿವಾಣವನ್ನೂ ಒಯ್ಯಬೇಕು.